ದಲ್ಲಾಳಿ ಕೊಡದ ವ್ಯಾಪಾರ: ಹಾಡ್ಜಾ ಜನರ ಕಾಡುಜೇನು

ಸರಕು ಇರುವ ಜಾಗವನ್ನು ತೋರಿಸಿಕೊಟ್ಟವನಿಗೆ ದಲ್ಲಾಳಿ ಸಲ್ಲಬೇಕೆಂಬುದು ಎಲ್ಲ ಪೇಟೆಗಳ ವಾಡಿಕೆ. ಆ ದಲ್ಲಾಳಿಯನ್ನು ಬೇಕೆಂದೇ ತಡೆಹಿಡಿದು, ಆದರೂ ಮಧ್ಯವರ್ತಿಯನ್ನು ಕೈಬಿಡದೆ ನಡೆಸಿಕೊಂಡು ಬಂದಿರುವ ಒಂದು ವ್ಯವಹಾರ ಪೂರ್ವ ಆಫ್ರಿಕದ ಟಾಂಜಾನಿಯದಲ್ಲಿದೆ. ಅಲ್ಲಿ ಸರಕು ಕಾಡುಜೇನು, ಮಧ್ಯವರ್ತಿ ಒಂದು ಹಕ್ಕಿ.

ಟಾಂಜಾನಿಯದ ಉತ್ತರಕ್ಕಿರುವ ಇಯಾಸಿ ಎಂಬ ಉಪ್ಪುನೀರಿನ ಸರೋವರದ ಸುತ್ತಲಿನ ಕುರುಚಲು ಕಾಡಿನಲ್ಲಿ ಹಾಡ್ಜಾ ಜನರು ವಾಸಿಸುತ್ತಾರೆ. ಅವರ ಸಂಖ್ಯೆ ಹೆಚ್ಚೆಂದರೆ ಸಾವಿರದ ಮುನ್ನೂರು. ಅವರಲ್ಲಿ ಕೆಲವು ನೂರು ಮಂದಿ ಇಂದಿಗೂ ಬೇಸಾಯವಾಗಲಿ ದನಕರುಗಳಾಗಲಿ ಇಲ್ಲದೆ, ಬೇಟೆ, ಗೆಡ್ಡೆಗೆಣಸು, ಹಣ್ಣು ಮತ್ತು ಜೇನನ್ನೇ ಮುಖ್ಯವಾಗಿ ನೆಚ್ಚಿದ್ದಾರೆ. ಯಾವ ಆಹಾರ ಹೆಚ್ಚು ಇಷ್ಟವೆಂದು ಸಂಶೋಧಕರು ವಿಚಾರಿಸಿದಾಗ ಅವರು ಮೊದಲ ಸ್ಥಾನ ಕೊಟ್ಟದ್ದು ಜೇನಿಗೆ. ಆಹಾರದಿಂದ ಅವರಿಗೆ ದೊರೆಯುವ ಶಕ್ತಿಯಲ್ಲಿ ಸುಮಾರು ಶೇ. 15 ಭಾಗ ಜೇನಿನದೇ ಎಂದು ಅಂದಾಜು ಮಾಡಲಾಗಿದೆ.

ಜೇನು ಸಿಗುವುದು ಹೆಚ್ಚಾಗಿ ಬಾವೊಬಾಬ್ ಮರದ ಪೊಟರೆಗಳಲ್ಲಿ. ಸವಣೂರಿನಲ್ಲಿ ದೊಡ್ಡ ಹುಣಸೆ ಎಂದು ಹೆಸರಾದ ಮರಗಳ ಜಾತಿಯೇ ಇದು. ಇದರ ಕಾಂಡ ನಾಲ್ಕಾರು ಜನರ ತೆಕ್ಕೆಗೂ ಸಿಗದಷ್ಟು ದಪ್ಪ, ಆದರೆ ತಿರುಳು ಮೆದು. ಹಾಡ್ಜಾ ಗಂಡಸರು ಮರದ ಗೂಟಗಳನ್ನು ಚೂಪು ಮಾಡಿ, ಕೊಡಲಿಯ ಹಿಂಬದಿಯಿಂದ ಕಾಂಡಕ್ಕೆ ಒಂದೊಂದಾಗಿ ಹೊಡೆಯುತ್ತಾ, ಹೊಡೆದ ಗೂಟವನ್ನೇ ಮೆಟ್ಟಿ ಮೇಲೇರುತ್ತಾರೆ. ಹೊಗೆಯಾಡುವ ಕೊಳ್ಳಿಯನ್ನು ಪೊಟರೆಗೆ ಹಿಡಿದು, ಬಾಯಿಯನ್ನು ಕೊಡಲಿಯಿಂದ ಅಗಲಗೊಳಿಸಿ, ಎರಿಗಳನ್ನು ಕೈಯಿಂದಲೇ ಕೀಳುತ್ತಾರೆ. ಆಫ್ರಿಕದ ಹೆಜ್ಜೇನಲ್ಲದ ಜೇನೂ ಕೋಪಿಷ್ಠವೇ, ಕಡಿತ ತಪ್ಪಿದ್ದಲ್ಲ. ಕೆಳಗೆ ಬೀಳುವ ಭಯವೂ ಸಣ್ಣದಲ್ಲ. ಬಂಡವಾಳವೆಂದರೆ ಕೊಡಲಿ, ಬೆಂಕಿ ಮತ್ತು ಧೈರ್ಯ, ಇಷ್ಟೇ.

ನಿಜವಾದ ಕಷ್ಟವಿರುವುದು ಗೂಡನ್ನು ಹುಡುಕುವುದರಲ್ಲಿ. ಇಲ್ಲಿ ನೆರವಿಗೆ ಬರುವುದು ಹನಿಗೈಡ್ ಎಂಬ ಜೇನು ತೋರುವ ಹಕ್ಕಿ. ಇದು ಜೇನುಮೇಣವನ್ನು ತಿಂದು ಜೀರ್ಣಿಸಿಕೊಳ್ಳಬಲ್ಲ ಅಪರೂಪದ ಜೀವಿ. 1588ರಲ್ಲಿ ಮೊಜಾಂಬಿಕ್‌ನ ಸೊಫಾಲದಲ್ಲಿದ್ದ ಪೋರ್ಚುಗೀಸ್ ಪಾದ್ರಿ ಜುವಾವ್ ದೋಸ್ ಸಾಂತೋಸ್, ಚರ್ಚಿನೊಳಗೆ ನುಗ್ಗಿ ಮೇಣದ ಬತ್ತಿಗಳನ್ನು ಕುಕ್ಕುವ ಹಕ್ಕಿಯೊಂದನ್ನು ಕಂಡು ದಾಖಲಿಸಿದ್ದು ಇದನ್ನೇ. ಹಕ್ಕಿಗೆ ಗೂಡಿರುವ ಮರ ಗೊತ್ತು, ಪೊಟರೆ ಒಡೆಯುವ ಶಕ್ತಿಯಿಲ್ಲ. ಮನುಷ್ಯನಿಗೆ ಒಡೆಯುವುದು ಗೊತ್ತು, ಗೂಡು ಕಾಣದು. ಹಾಡ್ಜಾ ಬೇಟೆಗಾರ ವಿಶಿಷ್ಟ ರಾಗದಲ್ಲಿ ಸಿಳ್ಳೆ ಹಾಕುತ್ತಾನೆ. ಹಕ್ಕಿ ಚಿಲಿಪಿಲಿಗುಟ್ಟುತ್ತಾ ಮರದಿಂದ ಮರಕ್ಕೆ ಹಾರಿ ದಾರಿ ತೋರಿಸುತ್ತದೆ.

ಬ್ರಯಾನ್ ವುಡ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಕ್ಕಿಯ ನೆರವಿದ್ದಾಗ ಗೂಡು ಸಿಗುವ ಪ್ರಮಾಣ ಶೇ. 560ರಷ್ಟು ಹೆಚ್ಚುತ್ತದೆ, ಸಿಗುವ ಗೂಡುಗಳಲ್ಲಿ ಜೇನೂ ಹೆಚ್ಚು. ಇಷ್ಟು ದುಡಿದ ಹಕ್ಕಿಗೆ ಹಾಡ್ಜಾಗಳು ಕೊಡುವುದು ಬಹುಮಟ್ಟಿಗೆ ಸೊನ್ನೆ. ಉಳಿದ ಮೇಣವನ್ನು ಅವರು ಸುಡುತ್ತಾರೆ, ಹೂಳುತ್ತಾರೆ ಅಥವಾ ಮರೆಮಾಡುತ್ತಾರೆ. ಹೊಟ್ಟೆ ತುಂಬಿದ ಹಕ್ಕಿ ಮುಂದಿನ ಗೂಡಿಗೆ ಕರೆದೊಯ್ಯುವುದಿಲ್ಲ ಎಂಬುದು ಅವರ ಲೆಕ್ಕಾಚಾರ. ಮೊಜಾಂಬಿಕ್‌ನ ನಿಯಾಸಾದ ಯಾವೊ ಜನರ ಪದ್ಧತಿ ಇದಕ್ಕೆ ತೀರ ವಿರುದ್ಧ: ಅವರು ಮೇಣವನ್ನು ಎಲೆಗಳ ಮೇಲೆ ಇಟ್ಟು ಹಕ್ಕಿಯ ಪಾಲನ್ನು ಗೌರವದಿಂದ ಸಲ್ಲಿಸುತ್ತಾರೆ. ಸೋಜಿಗವೆಂದರೆ ಎರಡೂ ಕಡೆ ವ್ಯವಹಾರ ನಡೆದೇ ಇದೆ. ಬಾಕಿ ಉಳಿಸಿಕೊಂಡು ಏಜೆಂಟನನ್ನು ಓಡಾಡಿಸುವ ಕಲೆ ಪೇಟೆಯವರಿಗಷ್ಟೇ ಗೊತ್ತೆಂದು ತಿಳಿಯಬೇಕಾಗಿಲ್ಲ.

ಕ್ಲೇರ್ ಸ್ಪಾಟಿಸ್‌ವುಡ್ ಮತ್ತು ವುಡ್ 2023ರಲ್ಲಿ ಇನ್ನೊಂದು ಸಂಗತಿಯನ್ನು ಪ್ರಕಟಿಸಿದರು. ಹಾಡ್ಜಾ ಪ್ರದೇಶದ ಹಕ್ಕಿಗಳು ಯಾವೊ ಜನರ ಕೂಗಿಗಿಂತ ಹಾಡ್ಜಾ ಸಿಳ್ಳೆಗೆ ಮೂರು ಪಟ್ಟಿಗೂ ಹೆಚ್ಚಾಗಿ ಓಗೊಡುತ್ತವೆ. ಈ ಹಕ್ಕಿ ಬೇರೆ ಹಕ್ಕಿಗಳ ಗೂಡಿನಲ್ಲಿ ಮೊಟ್ಟೆಯಿಡುವುದರಿಂದ ಮರಿಗೆ ಹೆತ್ತವರ ಪಾಠವಿಲ್ಲ. ಊರಿನ ಕರೆಯನ್ನು ಅದು ಸ್ವಂತ ಅನುಭವದಿಂದಲೇ ಕಲಿಯಬೇಕು. ಕರೆಯುವವರಿಲ್ಲದಿದ್ದರೆ ಕಲಿಕೆಯೂ ಇಲ್ಲ. ಸಕ್ಕರೆ ಸುಲಭವಾಗಿ ದೊರೆತು ಜನರು ಕಾಡುಜೇನನ್ನು ಬಿಟ್ಟ ಕಡೆಗಳಲ್ಲಿ ಹಕ್ಕಿ ದಾರಿ ತೋರುವುದೂ ಅಪರೂಪವಾಗಿದೆ.

ಹಾಡ್ಜಾಗಳಿಗೆ ಜೇನು ಆಹಾರ ಮಾತ್ರವಲ್ಲ, ನಾಣ್ಯವೂ ಹೌದು. ನೆರೆಯ ದಟೋಗ ದನಗಾಹಿಗಳಿಗೆ ಜೇನು ಕೊಟ್ಟು ಬಾಣದ ಕಬ್ಬಿಣದ ಮೊನೆ, ಮೆಕ್ಕೆಜೋಳ, ತಂಬಾಕು ಪಡೆಯುತ್ತಾರೆ. ದಟೋಗರು ಅದರಿಂದ ಮದ್ಯ ತಯಾರಿಸುತ್ತಾರಾದ್ದರಿಂದ ಬೇಡಿಕೆಗೆ ಕೊರತೆಯಿಲ್ಲ. ಕೊರತೆ ಇರುವುದು ನೆಲಕ್ಕೆ. ಕಳೆದ ಅರ್ಧ ಶತಮಾನದಲ್ಲಿ ಹಾಡ್ಜಾ ನೆಲದ ಬಹುಭಾಗ ಬೇಸಾಯಕ್ಕೂ ದನ ಮೇಯಿಸುವುದಕ್ಕೂ ಹೋಗಿದೆ. ಹೂಬಿಡುವ ಮರಗಳು ಕಡಿಮೆಯಾದಷ್ಟೂ ಗೂಡುಗಳು ಕಡಿಮೆ.

2011ರಲ್ಲಿ ಯಾಯಿಡ ಕಣಿವೆಯ ಸುಮಾರು 20,000 ಹೆಕ್ಟೇರ್ ಪ್ರದೇಶಕ್ಕೆ ಹಾಡ್ಜಾಗಳ ಸಾಮುದಾಯಿಕ ಹಕ್ಕುಪತ್ರ ದೊರೆಯಿತು. ಅಲ್ಲಿಯ ಕಾಡು ಕಡಿಯದೆ ಉಳಿದುದಕ್ಕೆ ಕಾರ್ಬನ್ ಟಾಂಜಾನಿಯ ಎಂಬ ಸಂಸ್ಥೆ ಕಾರ್ಬನ್ ಕ್ರೆಡಿಟ್‌ಗಳನ್ನು ಮಾರುತ್ತದೆ. ಬಂದ ಹಣದ ದೊಡ್ಡ ಪಾಲು ಸಮುದಾಯಕ್ಕೆ ಸೇರುತ್ತದೆ. ಕಾಡು ಕಾಯುವ ಹಾಡ್ಜಾ ಕಾವಲುಗಾರರ ಸಂಬಳ, ಮಕ್ಕಳ ಶಾಲೆ, ರೋಗಿಗಳ ಚಿಕಿತ್ಸೆಯ ಖರ್ಚು ಅದರಿಂದ ನಡೆಯುತ್ತಿದೆ.