ಕಾಯುವ ಕೆಲಸ: ನೇತ್ರಾವತಿಯ ಜಲಾನಯನ, ಬೆಂಕಿ ಕಾವಲು ಮತ್ತು ಸೃಷ್ಟಿಯ ದೈವಶಾಸ್ತ್ರ

ಕುಡಿಯುವ ನೀರಿನ ಕುರಿತು ಧರ್ಮಸಭೆ ಮಾತನಾಡುವಾಗ ಸಾಮಾನ್ಯವಾಗಿ ಎರಡು ಸಂಗತಿಗಳು ಪ್ರಸ್ತಾಪವಾಗುತ್ತವೆ. ನೀರು ದೇವರ ವರ ಎಂಬುದು ಒಂದು. ನೀರು ಪ್ರತಿಯೊಬ್ಬ ಮನುಷ್ಯನ ಹಕ್ಕು ಎಂಬುದು ಇನ್ನೊಂದು. ಮೊದಲನೆಯದು ಪವಿತ್ರ ಗ್ರಂಥದ ಉದ್ದಗಲಕ್ಕೂ ಹರಿದಿರುವ ಸತ್ಯ. ಎರಡನೆಯದನ್ನು ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೋ ಸೀ' ಪರಿಪತ್ರದ 30ನೆಯ ಪರಿಚ್ಛೇದದಲ್ಲಿ ಸ್ಪಷ್ಟವಾಗಿ ಬೋಧಿಸಿದ್ದಾರೆ. ಆದರೆ ವರಕ್ಕೂ ಹಕ್ಕಿಗೂ ನಡುವೆ ಮೂರನೆಯದೊಂದಿದೆ, ಅದು ದುಡಿಮೆ. ದೇವರು ಕೊಟ್ಟ ಮಳೆ ನಲ್ಲಿಯ ನೀರಾಗಿ ಮನೆ ತಲುಪುವ ಮೊದಲು ಯಾರೋ ಒಬ್ಬರು ಬೆಟ್ಟದ ಮೇಲೆ ಅದರ ಹಾದಿಯನ್ನು ಕಾದಿರುತ್ತಾರೆ. ಆ ಕಾಯುವ ಕೆಲಸಕ್ಕೆ ನಮ್ಮ ದೈವಶಾಸ್ತ್ರದಲ್ಲಿ ಯಾವ ಸ್ಥಾನವಿದೆ ಎಂಬುದನ್ನು ನೇತ್ರಾವತಿಯ ನಿದರ್ಶನದ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶ.

1. ಬೆಟ್ಟ ನೀರು ಹಿಡಿಯುವ ಬಗೆ

ನೇತ್ರಾವತಿ ಕುದುರೆಮುಖ ಶ್ರೇಣಿಯಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಮಂಗಳೂರಿನ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಮಂಗಳೂರು ನಗರಕ್ಕೆ ಕುಡಿಯುವ ನೀರು ಬರುವುದು ಈ ನದಿಗೆ ತುಂಬೆಯಲ್ಲಿ ಕಟ್ಟಿರುವ ಕಿಂಡಿ ಅಣೆಕಟ್ಟಿನಿಂದ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 4000 ಮಿಲಿಮೀಟರ್ ಮಳೆ ಸುರಿಯುತ್ತದೆ. ಆದರೂ 2019ರ ಬೇಸಿಗೆಯಲ್ಲಿ ನಗರದಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಇಷ್ಟು ಮಳೆಯ ನಾಡಿನಲ್ಲಿ ಇಂಥ ಬರ ಹೇಗೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಬೆಟ್ಟದ ಮೇಲಿದೆ.

ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿದುಹೋಗುತ್ತದೆ. ಉಳಿದ ಎಂಟು ತಿಂಗಳು ಹೊಳೆಯಲ್ಲಿ ಹರಿಯುವುದು ಬಹುಮಟ್ಟಿಗೆ ಬೆಟ್ಟ ಹಿಡಿದಿಟ್ಟುಕೊಂಡ ನೀರು. ಪಶ್ಚಿಮಘಟ್ಟದ ನೆತ್ತಿಯಲ್ಲಿ ಹುಲ್ಲುಗಾವಲೂ ಅದರ ಮಡಿಲಿನ ಕಣಿವೆಗಳಲ್ಲಿ ಶೋಲಾ ಕಾಡೂ ಹೆಣೆದುಕೊಂಡಿವೆ. ಹುಲ್ಲಿನ ದಟ್ಟವಾದ ಬೇರುಗಳು ಮಳೆಯ ಹೊಡೆತಕ್ಕೆ ಮಣ್ಣು ಕೊಚ್ಚಿಹೋಗದಂತೆ ತಡೆಯುತ್ತವೆ. ಶೋಲಾದ ತರಗೆಲೆ ತುಂಬಿದ ಕಪ್ಪು ಮಣ್ಣು ಸ್ಪಂಜಿನಂತೆ ನೀರು ಹೀರಿ ತಿಂಗಳುಗಟ್ಟಲೆ ನಿಧಾನವಾಗಿ ಒಸರುತ್ತದೆ. ಬೋಳುಗುಡ್ಡವೆಂದು ನಾವು ಕಡೆಗಣಿಸುವ ಹುಲ್ಲುಗಾವಲು ಪಾಳುಭೂಮಿಯಲ್ಲ, ಜಲಾನಯನದ ಚರ್ಮ. ಅಲ್ಲಿ ಅಕೇಶಿಯಾ, ನೀಲಗಿರಿ ನೆಡುವುದು ಹಸಿರೀಕರಣವೂ ಅಲ್ಲ.

ಈ ಚರ್ಮ ಪ್ರತಿವರ್ಷ ಅಪಾಯಕ್ಕೊಳಗಾಗುವುದು ಬೆಂಕಿಯಿಂದ. ಡಿಸೆಂಬರ್ ಕಳೆಯುತ್ತಲೇ ಹುಲ್ಲು ಒಣಗುತ್ತದೆ. ಘಟ್ಟದ ಕಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ಅಪರೂಪ. ಅದು ಬಹುಪಾಲು ಮನುಷ್ಯನ ಕೈಯಿಂದಲೇ ಬರುತ್ತದೆ. ಎಸೆದ ಬೀಡಿ, ಚಾರಣಿಗರ ಒಲೆ, ತೋಟದಂಚಿನಲ್ಲಿ ಹಚ್ಚಿದ ಕಸದ ಬೆಂಕಿ, ಕೆಲವೊಮ್ಮೆ ಬೇಕೆಂದೇ ಇಟ್ಟ ಕಿಡಿ. ಪದೇ ಪದೇ ಸುಟ್ಟ ಇಳಿಜಾರಿನಲ್ಲಿ ಶೋಲಾದ ಅಂಚಿನ ಸಸಿಗಳು ಸಾಯುತ್ತವೆ, ಕಾಡು ಹಿಂಜರಿಯುತ್ತದೆ, ಮಣ್ಣು ಬರಿದಾಗುತ್ತದೆ. ಮೊದಲ ಮಳೆಗೆ ಬೂದಿಯೂ ಮಣ್ಣೂ ಕೂಡಿ ಹೊಳೆಗಿಳಿದು, ಕೆಳಗಿನ ಅಣೆಕಟ್ಟಿನಲ್ಲಿ ಹೂಳಾಗಿ ಕೂರುತ್ತವೆ. ಹೂಳು ತುಂಬಿದಷ್ಟು ನೀರಿನ ಜಾಗ ಕಡಿಮೆಯಾಗುತ್ತದೆ.

2. ಕಾವಲಿನ ಋತು

ಆದ್ದರಿಂದ ಜಲಾನಯನದ ರಕ್ಷಣೆಗೆ ಒಂದು ಋತುಚಕ್ರವಿದೆ. ಮಳೆಗಾಲ ಮುಗಿದ ಮೇಲೆ, ಹುಲ್ಲು ಇನ್ನೂ ಅರೆಹಸಿಯಾಗಿರುವಾಗಲೇ, ಕಾಡಿನ ಅಂಚಿನಲ್ಲಿ, ರಸ್ತೆಯ ಬದಿಯಲ್ಲಿ, ಗುಡ್ಡದ ಏಣಿನಲ್ಲಿ ಬೆಂಕಿರೇಖೆಗಳನ್ನು ಸವರುತ್ತಾರೆ. ನಿಗದಿತ ಅಗಲದ ಪಟ್ಟಿಯಲ್ಲಿ ಹುಲ್ಲು, ಪೊದೆ, ತರಗು ತೆಗೆದು, ಗಾಳಿಯಿಲ್ಲದ ಹೊತ್ತು ನೋಡಿ ಅದನ್ನು ಕಾವಲಿನಲ್ಲೇ ಸುಟ್ಟು ಬರಿದು ಮಾಡುತ್ತಾರೆ. ಮುಂದೆ ಬರುವ ದೊಡ್ಡ ಬೆಂಕಿಗೆ ಅಲ್ಲಿ ತಿನ್ನಲು ಏನೂ ಇರುವುದಿಲ್ಲ. ಜನವರಿಯಿಂದ ಮೊದಲ ಬೇಸಿಗೆ ಮಳೆ ಬೀಳುವವರೆಗೆ ಕಾವಲು. ಅದಕ್ಕಾಗಿ ಅರಣ್ಯ ಇಲಾಖೆಯ ಕಾಯಂ ಸಿಬ್ಬಂದಿಯ ಜತೆಗೆ ಕಾಡಂಚಿನ ಊರುಗಳಿಂದ ದಿನಗೂಲಿಯ ಬೆಂಕಿ ಕಾವಲುಗಾರರನ್ನು ತೆಗೆದುಕೊಳ್ಳಲಾಗುತ್ತದೆ. ಇಂದು ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ ಉಪಗ್ರಹದ ನೆರವಿನಿಂದ ಬೆಂಕಿಯ ಸುಳಿವು ಕೊಡುತ್ತದೆ. ಆದರೆ ಉಪಗ್ರಹ ಕಾಣಬಲ್ಲದೇ ಹೊರತು ನಂದಿಸಲಾರದು. ನಂದಿಸುವವರು ಕತ್ತಿ, ನೀರಿನ ಕ್ಯಾನು ಹಿಡಿದು ಗುಡ್ಡ ಹತ್ತಿ, ಹಸಿಸೊಪ್ಪಿನ ಕೊಂಬೆಯಿಂದ ಬೆಂಕಿಯ ಅಂಚನ್ನು ಬಡಿಯುವ ಮನುಷ್ಯರು.

ಅದು ಪ್ರಾಣದ ಹಂಗಿನ ಕೆಲಸ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ, 2023ರ ಫೆಬ್ರವರಿಯಲ್ಲಿ ಸಕಲೇಶಪುರ ತಾಲ್ಲೂಕಿನ ಕಾಡುಮನೆ ಪ್ರದೇಶದಲ್ಲಿ ಕಾಡ್ಗಿಚ್ಚು ನಂದಿಸಲು ಹೋದ ಅರಣ್ಯ ರಕ್ಷಕರು ಪ್ರಾಣ ಕಳೆದುಕೊಂಡರು. ಕಾಡುಮನೆಯ ಹೊಳೆ ಇಳಿದು ಸೇರುವುದು ನೇತ್ರಾವತಿಯ ಜಾಲವನ್ನೇ.

ಎಲ್ಲ ಬೆಂಕಿಯೂ ವೈರಿಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತರಗಿಗೆ ಮಾತ್ರ ತಗಲುವಂತೆ, ಬಿಸಿಲೇರುವ ಮೊದಲಿನ ದಿನಗಳಲ್ಲಿ ಹಗುರವಾದ ಬೆಂಕಿ ಹಚ್ಚುವ ಪದ್ಧತಿಯನ್ನು ಇಟ್ಟುಕೊಂಡಿದ್ದರು. ಅದು ನಿಂತುಹೋದ ಮೇಲೆ ಲಂಟಾನ ಹಬ್ಬಿತೆಂಬುದು ಅವರ ಅನುಭವದ ಮಾತು. ಬೆಂಕಿರೇಖೆಯನ್ನು ಮಾಡುವುದೂ ಬೆಂಕಿಯಿಂದಲೇ. ಹೀಗಾಗಿ ಕಾವಲೆಂದರೆ ಬರಿಯ ನಿಷೇಧವಲ್ಲ. ಯಾವ ಬೆಂಕಿ, ಯಾವಾಗ, ಎಲ್ಲಿಯವರೆಗೆ ಎಂಬ ವಿವೇಕ. ಆ ವಿವೇಕ ನೆಲದ ಜತೆ ಬಾಳಿದವರಲ್ಲಿರುತ್ತದೆ.

3. 'ಶಾಮರ್' ಎಂಬ ಕ್ರಿಯಾಪದ

ಆದಿಕಾಂಡ 2:15ರಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇರಿಸಿದ್ದಕ್ಕೆ ಎರಡು ಉದ್ದೇಶಗಳನ್ನು ಹೇಳಲಾಗಿದೆ. ಹಿಬ್ರೂ ಮೂಲದಲ್ಲಿ ಅವು 'ಅವದ್' ಮತ್ತು 'ಶಾಮರ್' ಎಂಬ ಧಾತುಗಳು: ದುಡಿಯುವುದು ಮತ್ತು ಕಾಯುವುದು. ನಮ್ಮ ಪರಿಸರ ಪ್ರವಚನಗಳು ಬಹುತೇಕ ಮೊದಲನೆಯದರಲ್ಲೇ ನಿಲ್ಲುತ್ತವೆ. ಮಳೆಗಾಲದಲ್ಲಿ ಸಸಿ ನೆಡುತ್ತೇವೆ, ಛಾಯಾಚಿತ್ರ ತೆಗೆಯುತ್ತೇವೆ, ಮುಂದಿನ ವರ್ಷ ಅದೇ ಗುಂಡಿಯಲ್ಲಿ ಇನ್ನೊಂದು ಸಸಿ ನೆಡುತ್ತೇವೆ. ನೆಡುವುದಕ್ಕೆ ಒಂದು ಮುಂಜಾನೆ ಸಾಕು. ಕಾಯುವುದಕ್ಕೆ ಇಡೀ ಬೇಸಿಗೆ ಬೇಕು.

'ಶಾಮರ್' ಪದದ ಪಯಣವನ್ನು ಹಿಂಬಾಲಿಸಿದರೆ ಅದರ ತೂಕ ತಿಳಿಯುತ್ತದೆ. ಸಂಖ್ಯಾಕಾಂಡ 3:7-8ರಲ್ಲಿ ಲೇವಿಯರು ದೇವದರ್ಶನದ ಗುಡಾರದಲ್ಲಿ ಮಾಡಬೇಕಾದ ಸೇವೆಗೆ ಇದೇ ಎರಡು ಧಾತುಗಳು ಜೋಡಿಯಾಗಿ ಬಂದಿವೆ. ತೋಟ ಕಾಯುವುದೂ ಗುಡಾರ ಕಾಯುವುದೂ ಒಂದೇ ಮಾತಿನಲ್ಲಿ ಹೇಳಲ್ಪಟ್ಟಿವೆ ಎಂದಮೇಲೆ ಕಾವಲು ಯಾಜಕಸೇವೆಗೆ ಹೊರಗಿನದಲ್ಲ. ಆದಿಕಾಂಡ 4:9ರಲ್ಲಿ ಕಾಯಿನನು ತನ್ನ ತಮ್ಮನ ಕಾವಲು ತನ್ನದೇ ಎಂದು ಕೇಳುವಾಗಲೂ ಅದೇ ಧಾತು. ಭೂಮಿಯನ್ನು ಕಾಯಲು ನೇಮಕಗೊಂಡ ವಂಶ ಸೋದರನನ್ನು ಕಾಯಲು ನಿರಾಕರಿಸುವ ದುರಂತ ಅಲ್ಲಿದೆ. ಕೀರ್ತನೆ 121ರಲ್ಲಿ ತೂಕಡಿಸದೆ ನಿದ್ರಿಸದೆ ಇಸ್ರಯೇಲನ್ನು ಕಾಯುವ ದೇವರಿಗೂ ಅದೇ ಪದ. ಬೆಂಕಿಗೋಪುರದ ಮೇಲೆ ಕುಳಿತವನು ದೇವರ ಹೆಸರುಗಳಲ್ಲೊಂದನ್ನು ತನ್ನ ಉದ್ಯೋಗದ ಹೆಸರಾಗಿ ಪಡೆದವನು.

ಕನ್ನಡದ 'ಕಾಯು' ಈ ಅರ್ಥವನ್ನು ಇನ್ನೂ ಹತ್ತಿರ ತರುತ್ತದೆ. ನಾವು ಹೊಲ ಕಾಯುತ್ತೇವೆ, ಬರುವವರಿಗಾಗಿ ಕಾಯುತ್ತೇವೆ. ಒಲೆಯ ಮೇಲೆ ನೀರು ಕಾಯುತ್ತದೆ. ರಕ್ಷಣೆ, ನಿರೀಕ್ಷೆ, ಬಿಸಿ ಈ ಮೂರನ್ನೂ ಹೊತ್ತ ಈ ಒಂದು ಮಾತು ಮಾರ್ಚ್ ತಿಂಗಳ ಗುಡ್ಡದ ಮೇಲೆ ಅಕ್ಷರಶಃ ನಿಜವಾಗುತ್ತದೆ.

4. ಮೇಲಿನವರು, ಕೆಳಗಿನವರು

ನೀರು ಇಳಿಜಾರನ್ನು ಅನುಸರಿಸುತ್ತದೆ. ಹಾಗಾಗಿ ನೀರಿನ ನೀತಿಯೂ ಮೇಲು-ಕೆಳಗಿನ ನೀತಿ. ಯೆಜೆಕಿಯೇಲ 34:18-19ರಲ್ಲಿ ಪ್ರವಾದಿ ಕೊಬ್ಬಿದ ಕುರಿಗಳನ್ನು ಗದರಿಸುತ್ತಾನೆ: ತಾವು ತಿಳಿನೀರು ಕುಡಿದು ಉಳಿದುದನ್ನು ಕಾಲಿನಿಂದ ಕದಡಿದರೆ ಹಿಂದೆ ಬರುವ ಕುರಿಗಳು ಕುಡಿಯುವುದೇನನ್ನು? ಸಾಮಾನ್ಯವಾಗಿ ಈ ವಾಕ್ಯವನ್ನು ಮೇಲ್ದಂಡೆಯವರಿಗೆ ಅನ್ವಯಿಸುತ್ತೇವೆ. ಆದರೆ ನೇತ್ರಾವತಿಯಲ್ಲಿ ಅದು ತಿರುಗಿಯೂ ನಿಲ್ಲುತ್ತದೆ. ಮೇಲಿರುವವರು ಮಲೆಕುಡಿಯರಂಥ ಬಡ ಸಮುದಾಯಗಳು. 1987ರಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಘೋಷಣೆಯಾದಂದಿನಿಂದ ಅವರ ವಾಸದ ಪ್ರಶ್ನೆಯೇ ತೂಗಾಡುತ್ತಿದೆ. ಕೆಳಗಿರುವವರು ನಲ್ಲಿ ತಿರುಗಿಸುವ ನಾವು. ವಾರಾಂತ್ಯದ ಚಾರಣಕ್ಕೆ ಹೋಗಿ ಒಲೆ ಹಚ್ಚಿ ಬರುವವರೂ ನಮ್ಮವರೇ.

ಇದೇ ನದಿಯ ಮೇಲ್ತೊರೆಗಳಾದ ಎತ್ತಿನಹೊಳೆ, ಕಾಡುಮನೆಹೊಳೆ, ಕೇರಿಹೊಳೆ, ಹೊಂಗಡಹಳ್ಳಗಳ ನೀರನ್ನು ಪೂರ್ವದ ಬಯಲುಸೀಮೆಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆಗೊಂಡಿತು. ಆ ಕುರಿತ ವಾದ-ವಿವಾದಗಳಿಗೆ ಈ ಲೇಖನ ಇಳಿಯುವುದಿಲ್ಲ. ಆದರೆ ಆದಿಕಾಂಡ 26ನೆಯ ಅಧ್ಯಾಯದಲ್ಲಿ ಇಸಾಕನ ಆಳುಗಳು ತೋಡಿದ ಬಾವಿಗಳಿಗೆ ಜಗಳದ ಹೆಸರು, ಹಗೆಯ ಹೆಸರು ಬಿದ್ದುದನ್ನು ನೆನೆಯಬೇಕು. ಆ ಜಗಳಗಳಿಗೆ ಮೊದಲು ಇಸಾಕನು ಮಾಡಿದ ಕೆಲಸ ತಂದೆಯ ಕಾಲದ ಬಾವಿಗಳಲ್ಲಿ ಇತರರು ತುಂಬಿದ್ದ ಮಣ್ಣನ್ನು ತೆಗೆದದ್ದು. ನೀರು ಯಾರದು ಎಂಬ ಪ್ರಶ್ನೆಗಿಂತ ಮೊದಲು ನೀರನ್ನು ಉಳಿಸಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಪಶ್ಚಿಮದವರು ಕುಡಿದರೂ ಪೂರ್ವದವರು ಕುಡಿದರೂ ಕುಡಿಯುವುದು ಅದೇ ಕಾವಲುಗಾರನ ಬೇಸಿಗೆಯನ್ನು.

5. ಕಾವಲುಗಾರನ ಕೂಲಿ

ಇಲ್ಲಿ ದೈವಶಾಸ್ತ್ರ ರೂಪಕವನ್ನು ಬಿಟ್ಟು ಲೆಕ್ಕಕ್ಕೆ ಇಳಿಯಬೇಕಾಗುತ್ತದೆ. ಹಂಗಾಮಿ ಕಾವಲುಗಾರನಿಗೆ ಮಳೆ ಬಿದ್ದ ದಿನ ಕೆಲಸ ಮುಗಿಯಿತು. ಅವನ ಯಶಸ್ಸಿಗೆ ಸಾಕ್ಷಿಯಿಲ್ಲ: ಸುಟ್ಟ ಗುಡ್ಡ ಸುದ್ದಿಯಾಗುತ್ತದೆ, ಸುಡದ ಗುಡ್ಡ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಥ ಹಂಗಾಮಿ ದುಡಿಮೆಗೆ ಕೂಲಿ ತಡವಾಗಿ ಬರುವುದು, ವಿಮೆ, ಬೂಟು, ಮುಖಗವಸುಗಳು ಸಾಲದೆ ಹೋಗುವುದು ನಮ್ಮ ದೇಶದಲ್ಲಿ ಹೊಸ ಮಾತಲ್ಲ. ಧರ್ಮೋಪದೇಶಕಾಂಡ 24:14-15 ದಿನಗೂಲಿಯವನ ಕೂಲಿಯನ್ನು ಹೊತ್ತು ಮುಳುಗುವ ಮುನ್ನ ಕೊಡಬೇಕೆಂದು ವಿಧಿಸುತ್ತದೆ. ಅವನು ಬಡವ, ಅವನ ಮನಸ್ಸೆಲ್ಲ ಅದರ ಮೇಲಿದೆ ಎಂಬ ಕಾರಣವನ್ನೂ ಕೊಡುತ್ತದೆ. ಯಕೋಬನ ಪತ್ರ 5:4ರಲ್ಲಿ ತಡೆಹಿಡಿದ ಕೂಲಿಯೇ ಕೂಗಿಕೊಳ್ಳುತ್ತದೆ. 1981ರ 'ಲಬೋರೆಮ್ ಎಕ್ಸೆರ್ಚೆನ್ಸ್' ಪರಿಪತ್ರ ಒಂದು ಆರ್ಥಿಕ ವ್ಯವಸ್ಥೆ ನ್ಯಾಯವಾದುದೇ ಎಂದು ಅಳೆಯುವ ಕೋಲು ಅಲ್ಲಿನ ಕೂಲಿಯೇ ಎಂದು ಬೋಧಿಸಿತು. ನೀರಿನ ಹಕ್ಕನ್ನು ಸಾರುವ ಧರ್ಮಸಭೆ ನೀರು ಕಾಯುವವನ ಕೂಲಿಯ ಬಗ್ಗೆ ಮೌನವಾಗಿದ್ದರೆ ಅದರ ಬೋಧನೆ ಅರ್ಧಕ್ಕೆ ನಿಂತಂತೆ.

6. ತಪಸ್ಸುಕಾಲವೂ ಬೆಂಕಿಯ ಕಾಲವೂ

ಸೃಷ್ಟಿಯ ಋತುವನ್ನು ನಾವು ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗೆ ಆಚರಿಸುತ್ತೇವೆ. ಆಗ ನಮ್ಮ ಘಟ್ಟಗಳು ಹಸಿರಾಗಿರುತ್ತವೆ. ಅವುಗಳಿಗೆ ನಮ್ಮ ಅಗತ್ಯ ಕಡಿಮೆ. ಬೆಟ್ಟಕ್ಕೆ ಆಪತ್ತು ಬರುವ ತಿಂಗಳುಗಳು ತಪಸ್ಸುಕಾಲದ ತಿಂಗಳುಗಳು. ವಿಭೂತಿ ಬುಧವಾರ ಫೆಬ್ರವರಿ 4ಕ್ಕಿಂತ ಮೊದಲು ಬರುವುದಿಲ್ಲ, ಪಾಸ್ಖ ಹಬ್ಬ ಏಪ್ರಿಲ್ 25ನ್ನು ದಾಟುವುದಿಲ್ಲ. ಬೆಂಕಿ ಕಾವಲಿನ ಅತಿ ಕಠಿಣ ದಿನಗಳೂ ಇವೇ. ನಾವು ಹಣೆಯ ಮೇಲೆ ಬೂದಿ ಧರಿಸುವ ವಾರದಲ್ಲಿ ಗುಡ್ಡದ ಮೇಲೆ ಬೂದಿಯಾಗದಂತೆ ಯಾರೋ ಕಾಯುತ್ತಿರುತ್ತಾರೆ. ಪಾಸ್ಖ ಜಾಗರಣೆಯಲ್ಲಿ ಹೊಸ ಬೆಂಕಿಯನ್ನೂ ಜ್ಞಾನಸ್ನಾನದ ನೀರನ್ನೂ ಒಂದೇ ರಾತ್ರಿ ಆಶೀರ್ವದಿಸುತ್ತೇವೆ. ಬೆಂಕಿ ತನ್ನ ಎಲ್ಲೆಯಲ್ಲಿ ನಿಂತು ನೀರು ತನ್ನ ಹಾದಿಯಲ್ಲಿ ಹರಿಯುವ ಲೋಕದ ಚಿತ್ರ ಅದು. ಬೆಂಕಿರೇಖೆಯ ಕೆಲಸವೂ ಅದನ್ನೇ ಬಯಸುತ್ತದೆ.

ಇದರಿಂದ ಕೆಲವು ಆಚರಣೆಗಳು ಸಹಜವಾಗಿ ಹೊಮ್ಮುತ್ತವೆ. ನದಿಯ ಕೆಳದಂಡೆಯ ಧರ್ಮಕೇಂದ್ರಗಳು ತಪಸ್ಸುಕಾಲದ ಉಳಿತಾಯದ ಒಂದು ಪಾಲನ್ನು ಮೇಲ್ದಂಡೆಯ ಕಾವಲುಗಾರರ ಬೂಟು, ನೀರಿನ ಕ್ಯಾನು, ಅಪಘಾತ ವಿಮೆಗೆ ಮೀಸಲಿಡಬಹುದು. ಬೆಂಕಿರೇಖೆ ಸವರುವ ದಿನಗಳಲ್ಲಿ ಗುರುಮಠದ ವಿದ್ಯಾರ್ಥಿಗಳು ಇಲಾಖೆಯ ಅನುಮತಿ ಪಡೆದು, ಬಲ್ಲವರ ಕೈಕೆಳಗೆ ಒಂದೆರಡು ದಿನ ದುಡಿಯಬಹುದು. ಘಟ್ಟದ ಧರ್ಮಕೇಂದ್ರಗಳಲ್ಲಿ ತೋಟವುಳ್ಳ ವಿಶ್ವಾಸಿಗಳಿಗೆ ಜನವರಿಯಲ್ಲೇ ಕಸದ ಬೆಂಕಿಯ ಎಚ್ಚರಿಕೆ ಹೇಳಬಹುದು. ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಮಳೆಗಾಗಿ ಬೇಡುವ ನಾವು ಬಿದ್ದ ಮಳೆಯನ್ನು ಕಾಯುವವರಿಗಾಗಿಯೂ ಬೇಡಬಹುದು.

ಬಲಿಪೂಜೆಯ ಕಾಣಿಕೆ ಸಮರ್ಪಣೆಯಲ್ಲಿ ಗುರುವು ದ್ರಾಕ್ಷಾರಸಕ್ಕೆ ಸ್ವಲ್ಪ ನೀರನ್ನು ಬೆರೆಸುತ್ತಾರೆ. ಮೂರನೆಯ ಶತಮಾನದ ಸಂತ ಸಿಪ್ರಿಯಾನರು ತಮ್ಮ 63ನೆಯ ಪತ್ರದಲ್ಲಿ ಆ ನೀರು ಜನರ ಸಂಕೇತ, ದ್ರಾಕ್ಷಾರಸ ಕ್ರಿಸ್ತರ ರಕ್ತದ ಸಂಕೇತ, ಬೆರೆತ ಮೇಲೆ ಎರಡನ್ನೂ ಬೇರ್ಪಡಿಸಲಾಗದು ಎಂದು ವಿವರಿಸಿದ್ದಾರೆ. ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಮಾನವ ದುಡಿಮೆಯ ಫಲವೆಂದು ಆ ಹೊತ್ತಿನಲ್ಲಿ ಬಾಯ್ದೆರೆದು ಹೇಳುತ್ತೇವೆ. ನೀರಿನ ಬಗ್ಗೆ ಹಾಗೆ ಹೇಳುವುದಿಲ್ಲ. ಮಂಗಳೂರಿನ ಪೀಠದ ಮೇಲಿನ ಆ ಹನಿಗಳಲ್ಲೂ ಒಬ್ಬನ ದುಡಿಮೆ ಬೆರೆತಿದೆ.