ಮೊದಲ ರೇಂಜ್‌ಫೈಂಡರ್ ಕೊಳ್ಳುವ ಮುನ್ನ

ಪುಣೆ: ಮೈಸೂರಿನ ಪದ್ಮಶ್ರೀ ಟಿ.ಎಸ್. ಸತ್ಯನ್ (1923-2009) ಅವರ ಕಪ್ಪು-ಬಿಳುಪು ಚಿತ್ರಗಳಿಗೆ ಮನಸೋತು ಫಿಲ್ಮ್ ಕ್ಯಾಮರಾ ಹುಡುಕುವ ನಗರದ ಕನ್ನಡಿಗರಿಗೆ ಜುನಾ ಬಜಾರ್ ಗೊತ್ತಿರುವ ತಾಣ. ಆದರೆ ಹಳೆಯ ಸಾಮಾನಿಗೆ ಗ್ಯಾರಂಟಿ ಎಲ್ಲಿಯದು?

ಲೆನ್ಸ್ ಬದಲಿಸುವ ಆಸೆಯಿದ್ದರೆ ರಷ್ಯಾದ ಜೋರ್ಕಿ-4 ಆಗಬಹುದು. ಅದಕ್ಕೆ ಬ್ಯಾಟರಿ ಬೇಡ. ಫಿಲ್ಮ್ ಸುತ್ತಿದ ಮೇಲಷ್ಟೇ ಶಟರ್ ವೇಗ ಬದಲಿಸಬೇಕು, ಇಲ್ಲವಾದರೆ ಯಂತ್ರ ಕೆಟ್ಟೀತು. ಯಾಶಿಕಾ ಎಲೆಕ್ಟ್ರೋ 35ರಲ್ಲಿ 45 ಮಿ.ಮೀ. ಲೆನ್ಸ್ ಬಿಚ್ಚಲಾಗದು, ಬೆಳಕಿನ ಲೆಕ್ಕಕ್ಕೆ ಬ್ಯಾಟರಿ ಬೇಕೇ ಬೇಕು. ಕ್ಯಾನನೆಟ್ ಕ್ಯೂಎಲ್17 ಬ್ಯಾಟರಿ ಇಲ್ಲದೆಯೂ ಕೈಯಿಂದ ಹೊಂದಿಸಿದರೆ ನಡೆಯುತ್ತದೆ.

ಫೋಕಸ್ ಅನಂತಕ್ಕಿಟ್ಟು ದೂರದ ದೀಪಕಂಬ ನೋಡಿದಾಗ ಎರಡು ಬಿಂಬಗಳು ಒಂದಾಗಬೇಕು. ಲೆನ್ಸಿನೊಳಗೆ ಬೂಷ್ಟಿದೆಯೇ ಎಂದು ಟಾರ್ಚ್ ಹಾಕಿ ನೋಡಬೇಕು.

36 ಚಿತ್ರಗಳ ಮೊದಲ ರೋಲು ಬೀದಿಗೆ ಮೀಸಲಿರಲಿ. ಊರಿನ ಅಜ್ಜಿಯ ಮುಖವನ್ನು ಪರೀಕ್ಷಿಸದ ಕ್ಯಾಮರಾಕ್ಕೆ ಒಪ್ಪಿಸುವುದು ಬೇಡ.