ಸಂಕಟಕಾಲದಲ್ಲಿ ರಿಸರ್ವ್ ಬ್ಯಾಂಕಿನ ಹಣಕಾಸು ನೀತಿ

2020ರ ಮಾರ್ಚ್ 25ರಂದು ಕೋವಿಡ್ ಸಾಂಕ್ರಾಮಿಕದ ನಿಮಿತ್ತ ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಅಸಂಖ್ಯಾತ ಕುಟುಂಬಗಳ ಆದಾಯ ನಿಂತಿತು. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಇಂತಹ ಸಮಯದಲ್ಲಿ ಜನರು ಕೈಯಲ್ಲಿರುವ ಹಣವನ್ನು ಬಿಗಿಹಿಡಿಯುತ್ತಾರೆ. ಕೊಟ್ಟ ಸಾಲ ಮರಳೀತೋ ಇಲ್ಲವೋ ಎಂಬ ಶಂಕೆಯಿಂದ ಬ್ಯಾಂಕುಗಳೂ ಹಿಂಜರಿಯುತ್ತವೆ. ಹಣದ ಹರಿವು ಹೀಗೆ ಕಟ್ಟಿಹೋದರೆ ಸುಸ್ಥಿತಿಯಲ್ಲಿರುವ ಉದ್ಯಮವೂ ಕುಸಿಯಬಹುದು. ಅದನ್ನು ತಡೆಯುವುದು ಕೇಂದ್ರ ಬ್ಯಾಂಕಿನ ಹೊಣೆ.

ಮಾರ್ಚ್ 27ರಂದು ಭಾರತೀಯ ರಿಸರ್ವ್ ಬ್ಯಾಂಕು ರೆಪೋ ದರವನ್ನು, ಎಂದರೆ ವಾಣಿಜ್ಯ ಬ್ಯಾಂಕುಗಳಿಗೆ ತಾನು ನೀಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಶೇ. 5.15ರಿಂದ ಶೇ. 4.40ಕ್ಕೆ ಇಳಿಸಿತು, ಮೇ 22ರಂದು ಅದು ಶೇ. 4ಕ್ಕೆ ಬಂದಿತು. ನಗದು ಮೀಸಲು ಪ್ರಮಾಣವನ್ನು ಶೇ. 4ರಿಂದ ಶೇ. 3ಕ್ಕೆ ತಗ್ಗಿಸಲಾಯಿತು. ಪ್ರತಿ ನೂರು ರೂಪಾಯಿ ಠೇವಣಿಗೆ ಬ್ಯಾಂಕುಗಳು ರಿಸರ್ವ್ ಬ್ಯಾಂಕಿನಲ್ಲಿ ಇರಿಸಬೇಕಾಗಿದ್ದ ನಾಲ್ಕು ರೂಪಾಯಿಗಳಲ್ಲಿ ಒಂದು ರೂಪಾಯಿ ಇದರಿಂದ ಬಿಡುಗಡೆಯಾಯಿತು. ಒಂದು ರೂಪಾಯಿ ಅಲ್ಪವೆನಿಸಬಹುದು. ದೇಶದ ಬ್ಯಾಂಕುಗಳಿಗೆಲ್ಲ ಸೇರಿ ಅದು ಸುಮಾರು 1,37,000 ಕೋಟಿ ರೂಪಾಯಿಗಳಷ್ಟಾಯಿತು.

2008ರ ಜಾಗತಿಕ ಬಿಕ್ಕಟ್ಟಿನಲ್ಲಿಯೂ ರೆಪೋ ದರವನ್ನು ಆರೇಳು ತಿಂಗಳಲ್ಲಿ ಶೇ. 9ರಿಂದ ಶೇ. 4.75ಕ್ಕೆ ಇಳಿಸಲಾಗಿತ್ತು. ಆದರೆ ಬ್ಯಾಂಕುಗಳು ತಮ್ಮ ಸಾಲದ ಬಡ್ಡಿಯನ್ನು ಆ ವೇಗದಲ್ಲಿ ಇಳಿಸಲಿಲ್ಲ. ಬದಲಾಗುವ ಬಡ್ಡಿಯ ಹೊಸ ಗೃಹಸಾಲಗಳನ್ನು ರೆಪೋದಂತಹ ಬಾಹ್ಯ ದರಕ್ಕೆ ಜೋಡಿಸಬೇಕೆಂಬ ನಿಯಮ ಜಾರಿಗೆ ಬಂದದ್ದು 2019ರ ಅಕ್ಟೋಬರ್ 1ರಿಂದ.

2020ರಲ್ಲಿ ಹೆಚ್ಚು ತಪ್ಪುತಿಳಿವಳಿಕೆಗೆ ಗುರಿಯಾದುದು ಕಂತು ಮುಂದೂಡಿಕೆಯ ಸೌಲಭ್ಯ. ಮಾರ್ಚ್ 1ರಿಂದ ಆಗಸ್ಟ್ 31ರವರೆಗಿನ ಕಂತುಗಳನ್ನು ಮುಂದೂಡಲು ಅವಕಾಶವಿತ್ತು. ಬಡ್ಡಿಯ ಮನ್ನಾ ಇರಲಿಲ್ಲ. ಶೇ. 8ರ ಬಡ್ಡಿಗೆ ಇಪ್ಪತ್ತು ಲಕ್ಷ ರೂಪಾಯಿ ಸಾಲ ಬಾಕಿಯಿದ್ದವರಿಗೆ ಆ ಆರು ತಿಂಗಳಲ್ಲಿ ಸುಮಾರು 80,000 ರೂಪಾಯಿ ಬಡ್ಡಿ ಬೆಳೆಯಿತು. ಎರಡು ಕೋಟಿ ರೂಪಾಯಿವರೆಗಿನ ನಿಗದಿತ ಸಾಲಗಳಲ್ಲಿ ಬಡ್ಡಿಯ ಮೇಲಿನ ಬಡ್ಡಿಯನ್ನು ಕೇಂದ್ರ ಸರ್ಕಾರ ಭರಿಸಿತು. ಉಳಿದುದು ಸಾಲಗಾರರ ಪಾಲಿನದೇ ಆಯಿತು.

ಠೇವಣಿದಾರರಿಗೂ ಇದರ ಬಿಸಿ ತಟ್ಟದಿರಲಿಲ್ಲ. ಆ ವರ್ಷ ಹಣದುಬ್ಬರ ಬಹುಕಾಲ ಶೇ. 6ನ್ನು ಮೀರಿದ್ದರೆ, ಕೆಲವು ದೊಡ್ಡ ಬ್ಯಾಂಕುಗಳ ಉಳಿತಾಯ ಖಾತೆಯ ಬಡ್ಡಿ ಶೇ. 3ಕ್ಕಿಂತ ಕೆಳಗಿಳಿಯಿತು. ಬಡ್ಡಿಯನ್ನೇ ನಂಬಿದ ನಿವೃತ್ತರಿಗೆ ಇದು ನಷ್ಟವೇ ಸರಿ. ಬೆಲೆಗಳು ಏರತೊಡಗಿದಾಗ 2022ರ ಮೇ 4ರಿಂದ ರೆಪೋ ದರವನ್ನು ಮತ್ತೆ ಏರಿಸಲಾಯಿತು. 2023ರ ಫೆಬ್ರವರಿಯಲ್ಲಿ ಅದು ಶೇ. 6.50 ತಲಪಿತು. ಆಗ ಅನೇಕ ಗೃಹಸಾಲಗಳಲ್ಲಿ ಮಾಸಿಕ ಕಂತು ಹಾಗೆಯೇ ಉಳಿದು, ತೀರಿಸಬೇಕಾದ ಅವಧಿ ವರ್ಷಗಟ್ಟಲೆ ಬೆಳೆಯಿತು.